ಕೊಚ್ಚೆ ಡಾಕ್ಟರ ಮದ್ದು

ಎದುರಿಗೆ ಸಿಕ್ಕಾಗ ಊರಿನವರು ಅವನನ್ನು ಡಾಕ್ಟರು ಎನ್ನುತ್ತಿದ್ದರು. ಅವನು ಬೆನ್ನು ತಿರುಗಿಸಿದ ಮೇಲೆ ಕೊಚ್ಚೆ ಡಾಕ್ಟರು. ಯಾವ ರೋಗಿಯ ನಾಡಿಯನ್ನೂ ಹಿಡಿದವನಲ್ಲ. ಅವನು ಹಿಡಿಯುತ್ತಿದ್ದದ್ದು ಉದ್ದ ಹಿಡಿಕೆಯ ಕಬ್ಬಿಣದ ಗೋರೆ. ಊರೆಲ್ಲ ಹಲ್ಲುಜ್ಜುವ ಹೊತ್ತಿಗೆ ಅವನು ಊರ ಕೆಳಗಿನ ಕೊಳಚೆ ನೀರಿನ ಘಟಕದಲ್ಲಿ ಜಾಲರಿಯ ಮುಂದೆ ನಿಂತಿರುತ್ತಿದ್ದ. ಎಲ್ಲರ ಬಚ್ಚಲು, ಅಡಿಗೆಮನೆ, ಕಕ್ಕಸಿನ ನೀರು ಒಂದೇ ಕೊಳವೆಯಲ್ಲಿ ಬಂದು ಅಲ್ಲಿ ಬೀಳುತ್ತಿತ್ತು. ಜಾಲರಿಗೆ ಸಿಕ್ಕಿಕೊಂಡಿದ್ದನ್ನು ಎಳೆದು ಬುಟ್ಟಿಗೆ ಹಾಕುವುದು ದಿನದ ಮೊದಲ ಕೆಲಸ. ಕೂದಲಿನ ಉಂಡೆ, ಶಾಂಪೂ ಪೊಟ್ಟಣ, ಮಕ್ಕಳ ಗೊಂಬೆಯ ಕೈ, ಕೆಲವು ಸಲ ಒಳ್ಳೆಯ ಸ್ಟೀಲಿನ ಚಮಚ. ಚಮಚ ಸಿಕ್ಕ ದಿನ ಅದನ್ನು ಬಿಸಿನೀರಲ್ಲಿ ತೊಳೆದು ದಿನಸಿ ಅಂಗಡಿಯ ಕಟ್ಟೆಯ ಮೇಲಿಟ್ಟು, "ಯಾರದ್ದು ಇದು, ತಗೊಂಡು ಹೋಗಿ" ಎನ್ನುತ್ತಿದ್ದ. ಒಬ್ಬರೂ ತಮ್ಮದು ಎನ್ನುತ್ತಿರಲಿಲ್ಲ. ಹಾಗೆ ಯಾರಿಗೂ ಬೇಡವಾದ ಚಮಚಗಳು ಘಟಕದ ಶೆಡ್ಡಿನ ಗೋಡೆಯಲ್ಲಿ ಸಾಲಾಗಿ ನೇತಾಡುತ್ತಿದ್ದವು.

ಜಾಲರಿ ದಾಟಿದ ನೀರು ಮೊದಲ ತೊಟ್ಟಿಯಲ್ಲಿ ನಿಂತು ಕೆಸರು ಇಳಿಸಿ ಗಾಳಿ ತೊಟ್ಟಿಗೆ ಹೋಗುತ್ತಿತ್ತು. ಅಲ್ಲೊಂದು ಮೋಟಾರು ಬಿಡುವಿಲ್ಲದೆ ತಳದಿಂದ ಗಾಳಿ ಊದುತ್ತಿತ್ತು. ಕಂದು ಬಣ್ಣದ ನೀರು ಒಲೆಯ ಮೇಲಿಟ್ಟ ಹಾಗೆ ಕೊತಕೊತ ಗುಳ್ಳೆ ಎಬ್ಬಿಸುತ್ತಿತ್ತು. ಆಮೇಲೆ ಇನ್ನೊಂದು ತೊಟ್ಟಿಯಲ್ಲಿ ಕಂದು ಬಣ್ಣವೆಲ್ಲ ತಳಕ್ಕೆ ಕೂತು, ಮೇಲೆ ಉಳಿದ ತಿಳಿನೀರು ಜೊಂಡು ಬೆಳೆಸಿದ ಮಡಿಯ ಮೂಲಕ ಹಾದು, ಒಂದು ಕಿರುಗಾಲುವೆಯಲ್ಲಿ ಹಳ್ಳ ಸೇರುತ್ತಿತ್ತು. ಕಾಲುವೆಯ ಪಕ್ಕದ ತರಕಾರಿ ತೋಟದವರು ಅದೇ ನೀರನ್ನು ಬದನೆ, ಬೆಂಡೆಗೆ ಹಾಯಿಸಿಕೊಳ್ಳುತ್ತಿದ್ದರು.

ಡಾಕ್ಟರು ಎಂಬ ಹೆಸರು ಬರಲು ಕಾರಣ ಅವನ ಬಾಯಿಂದ ಬಂದ ಒಂದೇ ಒಂದು ಮಾತು.

ಘಟಕ ಶುರುವಾದ ಹೊಸತರಲ್ಲಿ ಕಚೇರಿಯಿಂದ ಒಬ್ಬ ಇಂಜಿನಿಯರ್ ಹುಡುಗಿ ಬಂದು ಅವನಿಗೆ ಕೆಲಸ ಕಲಿಸಿದ್ದಳು. ಬೇರೆ ಊರಿನ ಘಟಕದಿಂದ ಡ್ರಮ್ಮಿನಲ್ಲಿ ತಂದ ಕಂದು ಕೆಸರನ್ನು ಗಾಳಿ ತೊಟ್ಟಿಗೆ ಸುರಿಸಿ, "ನೋಡಿ, ಮೊಸರಿಗೆ ಹೆಪ್ಪು ಹಾಕೋದಿಲ್ವಾ, ಹಾಗೆ ಇದು. ಇದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳಿವೆ. ಕೊಳೆ ತಿಂದು ಬದುಕ್ತವೆ. ಅವಕ್ಕೆ ಗಾಳಿ ಕೊಡಬೇಕು, ವಿಷ ಕೊಡಬಾರದು. ಇಷ್ಟೇ ನಿಮ್ಮ ಕೆಲಸ" ಎಂದಿದ್ದಳು. ಹೆಪ್ಪು ಹಿಡಿಯುವವರೆಗೂ ದಿನಾ ಬೆಳಗ್ಗೆ ಒಂದು ಕ್ಯಾನಿನಲ್ಲಿ ಬೆಲ್ಲ ಕರಗಿಸಿ ಹಾಕಲು ಹೇಳಿದ್ದಳು. ಹೋಗುವಾಗ, "ಮನೆಮನೆಗೆ ಹೋಗಿ ಜನಕ್ಕೆ ವಿಷಯ ತಿಳಿಸಿ. ಇದು ಜೀವ ಇರೋದು ಅಂತ ಗೊತ್ತಿದ್ರೆ ಜೋಪಾನ ಮಾಡ್ತಾರೆ" ಎಂದಳು.

"ಅಯ್ಯೋ ಮೇಡಂ, ಹುಳ ಬಿಟ್ಟಿದ್ದೀನಿ ಅಂದ್ರೆ ಈ ನೀರನ್ನ ಒಬ್ರೂ ಗಿಡಕ್ಕೂ ಮುಟ್ಟಿಸಲ್ಲ. ನಮ್ಮ ಜನ ನನಗೆ ಗೊತ್ತು."

"ಹುಳ ಅಲ್ಲ ಅದು."

"ನಿಮಗೆ ಅಲ್ಲ. ಅವರಿಗೆ ಹುಳವೇ."

ಮರುದಿನ ಬೆಲ್ಲದ ನೀರಿನ ಕ್ಯಾನು ಹಿಡಿದು ಹೋಗುತ್ತಿದ್ದಾಗ ದಿನಸಿ ಅಂಗಡಿಯವನು, "ಏನದು?" ಎಂದ. ಇವನು "ಮದ್ದು" ಎಂದುಬಿಟ್ಟ. ಅಷ್ಟೇ. ಸಂಜೆಯೊಳಗೆ ಊರೆಲ್ಲ ಅವನು ಡಾಕ್ಟರಾಗಿದ್ದ.

ಸುಳ್ಳು ಮೊದಮೊದಲು ಸತ್ಯಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಫಿನಾಯಿಲ್, ಆಸಿಡ್ಡು ಸುರಿಯಬೇಡಿ, ನನ್ನ ಮದ್ದಿಗೆ ಆಗಿಬರಲ್ಲ ಎಂದರೆ ಹೆಂಗಸರು ಕೇಳುತ್ತಿದ್ದರು. "ಡಾಕ್ಟ್ರೇ, ಇವತ್ತೇನು ಪಥ್ಯ? ಬಟ್ಟೆ ಸೋಪಾದ್ರೂ ಹಾಕಬಹುದಾ?" ಎಂದು ನಗುತ್ತಿದ್ದರು. ಕ್ಷೌರದವನಂತೂ ಅವನ ಗಡ್ಡಕ್ಕೆ ನೊರೆ ಹಚ್ಚುತ್ತ, "ನಿಮ್ಮ ರೋಗಿ ಹೇಗಿದ್ದಾನೆ? ಇನ್ನೂ ಭೇದಿ ನಿಂತಿಲ್ವಾ?" ಎಂದು ದಿನಕ್ಕೊಂದು ಹೊಸ ತಮಾಷೆ ಕಟ್ಟುತ್ತಿದ್ದ. ಹೆಪ್ಪು ಹಿಡಿದ ಮೇಲೆ ಬೆಲ್ಲ ಬೇಕಾಗಲಿಲ್ಲ. ಆದರೆ ಒಂದು ದಿನ ಕ್ಯಾನಿಲ್ಲದೆ ಹೋದಾಗ ತೋಟದವನು, "ಮದ್ದು ಹಾಕಿಲ್ವಾ? ಹಾಗಾದ್ರೆ ಇವತ್ತು ನೀರು ಬೇಡ" ಎಂದು ತೂಬಿಗೆ ಮಣ್ಣು ಕೊಟ್ಟ. ಅಂದಿನಿಂದ ಅವನು ಕ್ಯಾನಿಗೆ ನಲ್ಲಿ ನೀರು ತುಂಬಿ, ನಾಲ್ಕು ಜನ ನೋಡುವ ಹಾಗೆ ಹೊತ್ತು, ನಾಲ್ಕು ಜನ ನೋಡುವ ಹಾಗೆ ಸುರಿಯತೊಡಗಿದ. ಹೆಂಡತಿಗೂ ಹೇಳಲಿಲ್ಲ. ಮರೆತದ್ದೇನಲ್ಲ. ಹೇಳಿದರೆ ಅವಳು ಪಕ್ಕದ ಮನೆಯವಳಿಗೆ ಹೇಳುತ್ತಾಳೆ, ಅಲ್ಲಿಂದ ಊರಿಗೆ ಹರಡುತ್ತದೆ ಎಂದು ತನಗೆ ತಾನೇ ಲೆಕ್ಕ ಹಾಕಿಕೊಂಡಿದ್ದ.

ಇಷ್ಟಕ್ಕೂ ಈ ಕೆಲಸಕ್ಕೆ ಅವನು ಬಂದದ್ದೇ ಬೇರೆ ಕಾರಣಕ್ಕೆ.

ಅವನು ಮೂಲತಃ ಗಾರೆಯವನು. ಕರಣೆ ಹಿಡಿದರೆ ಗೋಡೆ ಕನ್ನಡಿಯ ಹಾಗಾಗಬೇಕು, ಅಂಥ ಕೈ. ಊರಿನ ಸಿಮೆಂಟು ಚರಂಡಿಗಳನ್ನೆಲ್ಲ ಹರೆಯದಲ್ಲಿ ಅವನೇ ಕಟ್ಟಿದ್ದ. ಅದಕ್ಕೆ ಮುಂಚೆ ಮನೆಗಳ ನೀರು ಆಯಾ ಹಿತ್ತಲಲ್ಲೇ ಬಾಳೆಬುಡಕ್ಕೆ ಇಂಗಿ ಹೋಗುತ್ತಿತ್ತು. ಚರಂಡಿ ಬಂದ ಮೇಲೆ ಎಲ್ಲರ ಕೊಳೆಯೂ ಎಲ್ಲೂ ನಿಲ್ಲದೆ, ಸದ್ದೂ ಇಲ್ಲದೆ ಜಾರಿ ಹೋಗಿ ಹಳ್ಳಕ್ಕೆ ಬೀಳತೊಡಗಿತು. "ಇಳಿಜಾರು ಅಂದ್ರೆ ಹೀಗಿರಬೇಕು" ಎಂದು ದೊಡ್ಡವರು ಅವನ ಬೆನ್ನು ತಟ್ಟಿದರು. ಆಗ ಅವನು ಎದೆಯುಬ್ಬಿಸಿ ನಡೆದಿದ್ದ.

ಹಳ್ಳ ಹರಿದು ಹೋಗುವುದು ಕೆಳಗಿನ ಊರಿಗೆ. ಆ ಊರಿಗೆ ಅವನ ಅಕ್ಕನನ್ನು ಕೊಟ್ಟಿತ್ತು. ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ. ಅಮ್ಮ ಕೂಲಿಗೆ ಹೋದಾಗ ಇಬ್ಬರೂ ಹಳೇ ಸೀರೆಯ ತುಂಡು ಹಿಡಿದು ಹಳ್ಳದ ಮಡುವಿನಲ್ಲಿ ಮೀನು ಸೋಸುತ್ತಿದ್ದರು. ಅಕ್ಕ ಒಂದು ತುದಿ, ಅವನೊಂದು ತುದಿ. ಕಿರುಬೆರಳಿನಷ್ಟು ಮೀನುಗಳು ಬಟ್ಟೆಯಲ್ಲಿ ಪಟಪಟ ಎನ್ನುತ್ತಿದ್ದವು. ಅಯ್ಯೋ ಪಾಪ ಎಂದು ಅವನೇ ಅರ್ಧ ಬಿಟ್ಟುಬಿಡುತ್ತಿದ್ದ, ಅಕ್ಕ ತಲೆಗೊಂದು ಮೊಟಕುತ್ತಿದ್ದಳು.

ಚರಂಡಿಯಾದ ಮಾರನೇ ಬೇಸಿಗೆಯಲ್ಲಿ ಕೆಳಗಿನ ಊರಿನಲ್ಲಿ ಜ್ವರ ಹರಡಿತು. ಹಳ್ಳದ ದಂಡೆಯ ಬಾವಿಯೇ ಅವರಿಗೆ ಕುಡಿಯುವ ನೀರು. ಅಕ್ಕನ ಒಬ್ಬನೇ ಮಗ ಮಲಗಿದವನು ಎದ್ದದ್ದೇನೋ ಎದ್ದ. ಆದರೆ ಕಿವಿ ಜ್ವರದ ಜೊತೆಗೇ ಹೋಯಿತು. ಅಕ್ಕನ ಮನೆಯವರು, ನೆರೆಹೊರೆಯವರು ಅವಳನ್ನು ಬಿಡಲಿಲ್ಲ. ಹಳ್ಳ ನಾತ ಹೊಡೆದಾಗೆಲ್ಲ, "ಏನಮ್ಮಾ, ನಿಮ್ಮ ತವರಿಂದ ಉಡುಗೊರೆ ಬಂದಿದೆ ನೋಡು" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಅಕ್ಕ ಬಂದಳು. ಒಳಗೆ ಕಾಲಿಡಲಿಲ್ಲ, ಬಾಗಿಲಲ್ಲೇ ನಿಂತಳು.

"ನಿನ್ನ ಚರಂಡಿ ಬಂದು ನಮ್ಮ ಬಾವೀಲಿ ಕೂತಿದೆ ಕಣೋ. ನನ್ನ ಮಗ ಇನ್ನು ಅಮ್ಮಾ ಅಂದ್ರೆ ನಾನು ಓ ಅನ್ನೋದು ಅವನಿಗೆ ಕೇಳಿಸಲ್ಲ. ಆ ಮಡುವಿನಲ್ಲಿ ಮತ್ತೆ ಮೀನು ಆಡೋದನ್ನ ನಾನು ಕಣ್ಣಾರೆ ನೋಡಬೇಕು. ಅವತ್ತು ನಿನ್ನ ಮನೇಲಿ ಊಟಕ್ಕೆ ಕೂತ್ಕೋತೀನಿ. ಅಲ್ಲಿವರೆಗೂ ನನ್ನ ಕರೀಬೇಡ."

ಆಮೇಲೆ ಅಕ್ಕ ಬರಲಿಲ್ಲ. ಅಮ್ಮ ಸತ್ತಾಗಲೂ ನೇರ ಮಣ್ಣಿಗೆ ಬಂದು, ಹಾಗೇ ತಿರುಗಿ ಹೋದಳು. ವರ್ಷಗಳು ಹೋದವು, ತಲೆ ನರೆಯಿತು. ಕೊನೆಗೆ ಘಟಕ ಕಟ್ಟಿ, ನೋಡಿಕೊಳ್ಳಲು ಒಬ್ಬ ಆಳು ಬೇಕೆಂದಾಗ ಊರಿನ ಗಂಡಸರೆಲ್ಲ ಮುಖ ಸಿಂಡರಿಸಿದರು. ಇವನು ಕೈ ಎತ್ತಿದ. "ಇಂಥ ಕೈ ಇಟ್ಕೊಂಡು ಕೊಚ್ಚೆ ಕೆದಕೋಕೆ ಹೋಗ್ತೀಯಲ್ಲಪ್ಪಾ, ತಲೆ ಕೆಟ್ಟಿದೆಯಾ?" ಎಂದು ಜೊತೆಯ ಗಾರೆಯವರು ಬೈದರು. ಅವನು ಯಾರಿಗೂ ಕಾರಣ ಹೇಳಲಿಲ್ಲ. ಕಾರಣ ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಅತ್ತಿಗೆ ಬಂದು ತನ್ನ ಕೈಯಡಿಗೆ ಉಣ್ಣುವ ದಿನವನ್ನು ಅವನಿಗಿಂತ ಹೆಚ್ಚು ಕಾದವಳೂ ಅವಳೇ. ನೀರಿನ ಕಟ್ಟೆಯಲ್ಲಿ "ಡಾಕ್ಟರ ಹೆಂಡತಿ ಬಂದ್ಲು, ಮೂಗು ಮುಚ್ಕೊಳ್ಳಿ" ಎಂದು ಕಿಸಿಕಿಸಿ ನಕ್ಕವರನ್ನೆಲ್ಲ ಅವಳು ಆ ದಿನದ ಆಸೆಯಲ್ಲೇ ಸಹಿಸಿಕೊಂಡಿದ್ದಳು.

ಘಟಕ ಶುರುವಾಗಿ ಕೆಲವು ವರ್ಷಗಳಾದ ಮೇಲೆ, ಬೇಸಿಗೆಯ ಒಂದು ಬೆಳಗ್ಗೆ ಕಾಲುವೆ ಹಳ್ಳ ಸೇರುವ ಮಡುವಿನಲ್ಲಿ ಏನೋ ಮಿಂಚಿತು. ಬಗ್ಗಿ ನೋಡಿದ. ಕಿರುಬೆರಳಿನಷ್ಟು ಮೀನು. ಒಂದಲ್ಲ, ಹಿಂಡು. ಅವನು ಅಲ್ಲೇ ಕಲ್ಲಿನ ಮೇಲೆ ಕುಕ್ಕರಿಸಿದ. ಅವತ್ತು ಕ್ಯಾನು ಹೊರುವ ನಾಟಕವೂ ಮರೆತುಹೋಯಿತು. ಮನೆಗೆ ಬಂದು, "ಲೇ, ಬಂದಿವೆ" ಎಂದ. ಹೆಂಡತಿ ಏನು ಎಂದು ಕೇಳಲಿಲ್ಲ. ಕೈಯಲ್ಲಿದ್ದ ಮೊರ ಕೆಳಗಿಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮರುದಿನ ಮಧ್ಯಾಹ್ನ ಒಗೆದ ಅಂಗಿ ತೊಟ್ಟು ಕೆಳಗಿನ ಊರಿಗೆ ಹೊರಟ. "ಸಂಜೆ ಒಂದ್ಸಲ ಹೋಗಿ ಜಾಲರಿ ನೋಡಿಬಾ. ನಾಳೆ ಊಟದ ಹೊತ್ತಿಗೆ ಅಕ್ಕನ ಕರ್ಕೊಂಡು ಬರ್ತೀನಿ" ಎಂದ.

"ಘಟಕದ ಹತ್ತಿರ ವಾಸನೆ ಏನಾದ್ರೂ ಬಂದ್ರೆ?"

"ಏನೂ ಬರಲ್ಲ ಬಿಡೇ."

ಅಕ್ಕನ ಮನೆಯ ಜಗಲಿಯಲ್ಲಿ ಅಳಿಯ ಹೊಲಿಗೆ ಯಂತ್ರ ತುಳಿಯುತ್ತ ಕೂತಿದ್ದ. ಕಿವಿ ಹೋದ ಹುಡುಗ ಈಗ ಮೀಸೆ ನರೆಯತೊಡಗಿದ ದರ್ಜಿ. ನೆರಳು ಬಿದ್ದದ್ದಕ್ಕೆ ತಲೆ ಎತ್ತಿದವನು ಗುರುತು ಹಿಡಿದು, "ಮಾವ" ಎಂದ, ತನ್ನ ದನಿ ತನಗೇ ಕೇಳದವರ ಒರಟು ದನಿಯಲ್ಲಿ. ಅಕ್ಕ ಹೊರಬಂದಳು. ಮುದುಕಿಯಾಗಿದ್ದಳು, ಆದರೆ ಬಾಯಿ ಮಾತ್ರ ಹಳೆಯದೇ.

"ಏನು, ಡಾಕ್ಟ್ರು ಬಂದುಬಿಟ್ರು? ನಮ್ಮೂರಲ್ಲಿ ಯಾರೂ ಕಾಯಿಲೆ ಬಿದ್ದಿಲ್ಲವಲ್ಲ."

"ಅಕ್ಕಾ, ಮಡುವಿನಲ್ಲಿ ಮೀನು ಬಂದಿವೆ."

"ಬಂದಿರೋದು ನಿಜವೋ, ಇಲ್ಲಾ ಸಂತೆಯಿಂದ ಕೊಂಡು ತಂದು ಬಿಟ್ಟಿದ್ದೀಯೋ?"

"ನಿನ್ನಾಣೆ ಕಣೇ."

"ನನ್ನ ಮೇಲೆ ಯಾಕೋ ಆಣೆ, ಇನ್ನೂ ನಾಲ್ಕು ದಿನ ಇರ್ತೀನಿ." ಹಾಗೆಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಗ್ಗರಣೆಯ ಸದ್ದು ಬಂತು. ಅವನಿಗೆಂದು ಅವಳು ಒಲೆ ಹೊತ್ತಿಸಿ ಎಷ್ಟು ಕಾಲವಾಗಿತ್ತೋ. ಅವನು ಜಗಲಿಯ ಕಂಬಕ್ಕೆ ಒರಗಿ ಕೂತ. ಊಟವಾದ ಮೇಲೆ ಅಕ್ಕ, "ಮೂಲೆ ಪೆಟ್ಟಿಗೇಲಿರೋ ಆ ನೀಲಿ ಸೀರೆ ಇಸ್ತ್ರಿ ಮಾಡಿಕೊಡು" ಎಂದು ಮಗನಿಗೆ ಕೈಸನ್ನೆ ಮಾಡಿದಳು.

ಬೆಳಗ್ಗೆ ಮೂವರೂ ಹಳ್ಳದ ದಂಡೆಯ ಕಾಲುದಾರಿಯಲ್ಲಿ ಮೇಲ್ಮುಖವಾಗಿ ಹೊರಟರು. ಬಸ್ಸಿನಲ್ಲಿ ಹೋಗಬಹುದಿತ್ತು. ಅಕ್ಕನೇ ಬೇಡವೆಂದಳು, ದಾರಿಯುದ್ದಕ್ಕೂ ನೀರು ನೋಡಿಕೊಂಡೇ ಬರುತ್ತೇನೆ ಎಂದಳು. ಅಳಿಯ ಮುಂದೆ, ಅಕ್ಕ ನಡುವೆ, ಅವನು ಹಿಂದೆ. ನೀರು ಮರಳು ಕಾಣುವಷ್ಟು ತಿಳಿಯಾಗಿತ್ತು. ಅಕ್ಕ ಒಂದು ಕಡೆ ಕೂತು ಬೆರಳು ಅದ್ದಿ ಮೂಸಿದಳು. ಎದ್ದವಳ ನಡಿಗೆ ಚುರುಕಾಯಿತು.

"ನೀನು ಅರ್ಧ ಮೀನು ಬಿಟ್ಟುಬಿಡ್ತಿದ್ದೆಯಲ್ಲ, ಅವುಗಳ ಮೊಮ್ಮಕ್ಕಳೇ ಇರಬೇಕು ಇವು" ಎಂದಳು.

"ಹಾಗಾದ್ರೆ ಊಟ ನಿನಗಲ್ಲ, ನನಗೇ ಹಾಕಬೇಕು."

"ಆಹಾ! ಹೆಂಡ್ತಿ ಏನು ಮಾಡ್ತಿದ್ದಾಳೆ ಅಡಿಗೆ?"

"ಅವಳು ಹೇಳಲಿಲ್ಲ. ಅತ್ತಿಗೆಗೆ ಮಾತ್ರ ಹೇಳ್ತೀನಿ ಅಂದ್ಲು."

ಇವರು ಮಾತಾಡುತ್ತಿದ್ದಾಗ ಮುಂದೆ ಹೋಗುತ್ತಿದ್ದ ಅಳಿಯ ತಿರುವಿನಲ್ಲಿ ಗಕ್ಕನೆ ನಿಂತ. ಮೂಗು ಅರಳಿಸಿ ಗಾಳಿ ಮೂಸಿದ. ಹಿಂದಿರುಗಿ ಮಾವನನ್ನು ನೋಡಿ, ಹಳ್ಳದ ಕಡೆ ಬೆರಳು ಮಾಡಿದ.

ನೀರು ಅಕ್ಕಿ ತೊಳೆದ ಕಲಗಚ್ಚಿನ ಹಾಗಿತ್ತು. ಅಂಚಿನಲ್ಲಿ ಬಿಳಿ ನೊರೆ. ಗಾಳಿಯಲ್ಲಿ ಆಸ್ಪತ್ರೆಯ ಮೊಗಸಾಲೆಯ ವಾಸನೆ, ಕಣ್ಣು ಉರಿಯುವ ವಾಸನೆ. ಬ್ಲೀಚಿಂಗ್ ಪುಡಿ. ಎಲ್ಲಿಂದ ಬಂತು, ಯಾರು ಹಾಕಿದರು ಎಂದು ಯೋಚಿಸುವ ಮೊದಲೇ ಅವನ ಕಾಲು ಓಡತೊಡಗಿತ್ತು. ಅಕ್ಕ ಹಿಂದಿನಿಂದ, "ಏನಾಯ್ತೋ? ಲೋ, ಏನದು?" ಎನ್ನುತ್ತ ಬರುತ್ತಿದ್ದಳು. ಮೇಲೆ ಹೋದಂತೆ ಬಿಳುಪು ಗಾಢವಾಯಿತು. ಮಡುವಿಗೆ ಬಂದಾಗ ಮೀನುಗಳೆಲ್ಲ ಕಂಡವು. ಹೊಟ್ಟೆ ಮೇಲೆ ಮಾಡಿಕೊಂಡು, ಬಿಳಿಯಾಗಿ, ಕಲ್ಲುಗಳ ಸಂದಿಯಲ್ಲಿ ನೊರೆಯ ಜೊತೆ ಮೆಲ್ಲಗೆ ಸುತ್ತುತ್ತಿದ್ದವು.

ದಂಡೆಯ ಮೇಲೆ ಹೆಂಡತಿ ನಿಂತಿದ್ದಳು. ಅವಳ ಹಿಂದೆ ಬೀದಿಯ ನಾಲ್ಕಾರು ಹೆಂಗಸರು, ಅವರ ಹಿಂದೆ ಟ್ಯಾಂಕಿನಿಂದ ಊರಿಗೆ ಕುಡಿಯುವ ನೀರು ಬಿಡುವ ನೀರುಗಂಟಿ. ಹೆಂಡತಿಯ ಮೊಣಕೈವರೆಗೂ ಬಿಳಿ ಪುಡಿ. ಹೊಸ ಸೀರೆಯ ಮೇಲೂ ಬಿಳಿ ಕಲೆ. ಬೆವರುತ್ತಿದ್ದಳು, ನಗುತ್ತಿದ್ದಳು.

"ಬನ್ನಿ ಅತ್ತಿಗೆ, ಬನ್ನಿ. ಒಂಚೂರು ವಾಸನೆ ಇಲ್ಲ ನೋಡಿ ಈಗ" ಎಂದಳು. ಆಮೇಲೆ ಗಂಡನ ಹತ್ತಿರ ಬಂದು ಯಾರಿಗೂ ಕೇಳದ ಹಾಗೆ ದನಿ ತಗ್ಗಿಸಿದಳು. "ನೀವು ಹೋದ ಸಂಜೆನೇ ಕರೆಂಟು ಹೋಯ್ತು ರೀ. ಮೋಟಾರು ನಿಂತುಹೋಯ್ತು. ಬೆಳಗ್ಗೆ ಬಂದು ನೋಡಿದ್ರೆ ತೊಟ್ಟಿ ಗಬ್ಬುನಾತ. ಮದ್ದು ಹಾಕೋಣ ಅಂತ ಕ್ಯಾನು ತೆಗೆದೆ, ಬರೀ ನೀರು! ಮದ್ದು ಮುಗಿದುಹೋಗಿದೆ, ಕಚೇರಿಯವರು ಕಳಿಸಿಲ್ಲ, ನೀವು ಯಾರಿಗೂ ಹೇಳ್ಕೊಳ್ಳದೆ ನೀರೇ ಹಾಕಿ ಮಾನ ಉಳಿಸ್ಕೊಂಡಿದ್ದೀರಿ ಅಂತ ಗೊತ್ತಾಯ್ತು. ನಾನೂ ಯಾರಿಗೂ ಬಾಯಿ ಬಿಡಲಿಲ್ಲ. ನೀರುಗಂಟಿ ಅಣ್ಣನ ಹತ್ರ ಟ್ಯಾಂಕಿಗೆ ಹಾಕೋ ಪುಡಿ ಚೀಲ ಇಸ್ಕೊಂಡೆ. ಫಿನಾಯಿಲ್ ಅಲ್ಲ, ಕುಡಿಯೋ ನೀರಿಗೇ ಹಾಕೋದು ಅದು. ಎಲ್ಲಾ ತೊಟ್ಟಿಗೂ ಹಾಕಿದ್ವಿ. ಕಾಲುವೆಗೂ ಹಾಕಿದೆ, ಅತ್ತಿಗೆ ಕಣ್ಣಿಗೆ ಮೊದಲು ಬೀಳೋದು ಅದೇ ತಾನೇ?"

ಅವನು ತೊಟ್ಟಿಯ ಕಡೆ ನೋಡಿದ. ಕರೆಂಟು ಬಂದು ಮೋಟಾರು ತಿರುಗುತ್ತಿತ್ತು. ಗುಳ್ಳೆಗಳು ಏಳುತ್ತಿದ್ದವು. ಆದರೆ ಕಂದು ಬಣ್ಣ ಹೋಗಿ ನೀರು ಬೂದಿ ಕಲಸಿದ ಹಾಗಿತ್ತು, ಮೇಲೆ ಮೊಳದೆತ್ತರ ಬಿಳಿ ನೊರೆ.

ಅಕ್ಕ ಏದುಸಿರು ಬಿಡುತ್ತ ಮಡುವಿನ ಪಕ್ಕ ಕೂತಿದ್ದಳು. ಒಂದು ಸತ್ತ ಮೀನನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದಳು.

"ಯಾರು ಹಾಕಿದ್ದು ಇದನ್ನ?"

ಹೆಂಡತಿಯ ನಗು ಆಗಷ್ಟೇ ಕರಗತೊಡಗಿತ್ತು. ಅವಳು ಬಾಯಿ ತೆರೆಯುವ ಮೊದಲೇ ಅವನು, "ನಾನೇ. ನಾನೇ ಹಾಕು ಅಂತ ಹೇಳಿ ಬಂದಿದ್ದೆ" ಎಂದ.

"ದಿನಾ ಹಾಕೋ ಮದ್ದು ಇದೇನಾ?"

"ಅಲ್ಲ ಅಕ್ಕಾ..."

"ಡಾಕ್ಟ್ರು ದಿನಾ ಮದ್ದು ಹಾಕ್ತಾರೆ ಅಂತ ನಮ್ಮೂರಲ್ಲೂ ಹೇಳ್ತಾರೆ. ಇದೇನಾ ಅದು? ನೀರು ತಿಳಿಯಾಗಿದೆ, ತಮ್ಮ ಮಾಡಿದ್ದಾನೆ ಅಂತ ನಾನು ಬಾವಿಕಟ್ಟೇಲಿ ನಾಲ್ಕು ಜನಕ್ಕೆ ಹೇಳಿಕೊಂಡೆ. ಮೀನು ಸಾಯೋ ವಿಷ ಹಾಕಿ ತಿಳಿ ಮಾಡ್ತಿದ್ದೆಯೇನೋ?"

ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ. ಅವನು ಹೇಳಿದ. ಮದ್ದೇ ಇಲ್ಲ, ಯಾವತ್ತೂ ಇರಲಿಲ್ಲ, ಮೊದಲು ಬೆಲ್ಲದ ನೀರು, ಆಮೇಲೆ ಬರೀ ನೀರು. ತೊಟ್ಟಿಯೊಳಗೆ ಸಣ್ಣ ಸಣ್ಣ ಜೀವಗಳಿವೆ, ಅವೇ ಕೊಳೆ ತಿಂದು ನೀರು ತಿಳಿ ಮಾಡುವುದು, ಈ ಪುಡಿಗೆ ಅವು ಸತ್ತುಹೋದವು ಎಂದೆಲ್ಲ ತೊದಲುತ್ತ ಹೇಳಿದ. ತಾನು ಹೇಳಿದ್ದು ತನ್ನ ಕಿವಿಗೇ ಕಟ್ಟುಕಥೆಯ ಹಾಗೆ ಕೇಳಿಸಿತು.

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. "ಹುಳ ಸಾಕಿದ್ನಂತೆ ಕಣ್ರೇ! ಬೆಲ್ಲ ಹಾಕಿ!"

"ಹೆಂಡ್ತಿ ಮಾಡಿದ್ದಕ್ಕೆ ತೇಪೆ ಹಾಕ್ತಿದ್ದಾನೆ ಬಿಡು" ಎಂದ ನೀರುಗಂಟಿ. ತನ್ನ ಚೀಲದ ಪುಡಿ ಎಂಬ ದಿಗಿಲು ಅವನಿಗೂ ಇತ್ತು.

ತರಕಾರಿ ತೋಟದವನು ಸಲಿಕೆ ಹಿಡಿದು ಅಲ್ಲಿಗೆ ಬಂದಿದ್ದ. "ಹಾಗಾದ್ರೆ ನಾನು ಇಷ್ಟು ದಿನ ಬದನೆಗೆ ಬಿಟ್ಟಿದ್ದು ಹುಳದ ನೀರಾ? ಅದನ್ನ ನಮ್ಮ ಮಕ್ಕಳು ತಿಂದ್ವಾ? ಮದ್ದು ಅಂತ ಮುಖ ನೋಡಿ ಸುಳ್ಳು ಹೇಳಿದೆಯಲ್ಲಯ್ಯ!" ಎಂದು ಕ್ಯಾಕರಿಸಿ ಉಗಿದ.

ಅಕ್ಕ ಮೀನನ್ನು ಕಲ್ಲಿನ ಮೇಲೆ ಇಟ್ಟು ಎದ್ದಳು. ತಮ್ಮನ ಮಾತು ಅವಳಿಗೆ ನಿಜವೆನಿಸಿತೋ ಇಲ್ಲವೋ, ಮುಖ ನೋಡಿ ಹೇಳುವ ಹಾಗಿರಲಿಲ್ಲ. ಅವಳ ಕಣ್ಣು ಹಳ್ಳ ಹರಿದು ಹೋಗುತ್ತಿದ್ದ ದಿಕ್ಕಿನಲ್ಲಿತ್ತು.

"ಇದು ಮಧ್ಯಾಹ್ನದೊಳಗೆ ನಮ್ಮ ಬಾವಿ ಹತ್ರ ಬರುತ್ತೆ. ನಾನು ಹೋಗಿ ಹೇಳಬೇಕು" ಎಂದಳು. ಅಳಿಯ ಅವಳ ತುಟಿ ನೋಡಿ ಎಲ್ಲ ಅರ್ಥ ಮಾಡಿಕೊಂಡಿದ್ದ. ಹೆಗಲ ಮೇಲಿನ ಟವೆಲ್ಲು ಹಾಸಿ ನಾಲ್ಕು ಸತ್ತ ಮೀನು ಅದರಲ್ಲಿ ಕಟ್ಟಿಕೊಂಡ. ಊರವರಿಗೆ ಅವನು ಬಾಯಲ್ಲಿ ಹೇಳಿದರೆ ಅರ್ಧ ಜನಕ್ಕೆ ತಿಳಿಯುತ್ತಿರಲಿಲ್ಲ, ತೋರಿಸಿದರೆ ತಿಳಿಯುತ್ತಿತ್ತು.

"ಅತ್ತಿಗೆ, ಒಂದು ತುತ್ತು..." ಹೆಂಡತಿ ಓಡಿ ಬಂದು ದಾರಿಗೆ ಅಡ್ಡ ನಿಂತಳು. ಬಿಳಿ ಕೈಗಳನ್ನು ಚಾಚಿ, ಮತ್ತೆ ಅವುಗಳನ್ನು ತಾನೇ ನೋಡಿಕೊಂಡು ಹಿಂದಕ್ಕೆ ಎಳೆದುಕೊಂಡಳು. "ಎಲ್ಲಾ ಬಡಿಸಿಟ್ಟು ಬಂದಿದ್ದೀನಿ. ನಿಂತ ಕಾಲಲ್ಲೇ ಒಂದು ತುತ್ತು."

"ನಿನ್ನ ಮೇಲೆ ನನಗೇನೂ ಇಲ್ಲಮ್ಮ" ಎಂದಳು ಅಕ್ಕ. ತಮ್ಮನ ಕಡೆ ತಿರುಗಿ, "ಮೊದಲನೇ ಸಲ ನಿನಗೆ ತಿಳೀದೆ ಮಾಡಿದೆ ಅಂತ ನಾನೇ ಸಮಾಧಾನ ಮಾಡ್ಕೊಂಡಿದ್ದೆ ಕಣೋ" ಎಂದಳು. ಎರಡನೆಯ ಸಲದ ಬಗ್ಗೆ ಏನೂ ಹೇಳಲಿಲ್ಲ. ನೀಲಿ ಸೀರೆಯ ನಿರಿಗೆ ಎತ್ತಿ ಕಟ್ಟಿ, ಆ ವಯಸ್ಸಿನಲ್ಲಿ, ಮಗನ ಹಿಂದೆ ಹೆಚ್ಚುಕಡಿಮೆ ಓಡುತ್ತಲೇ ಹೋದಳು.

ಸುದ್ದಿ ತಿಳಿದು ಕಚೇರಿಯಿಂದ ಅದೇ ಇಂಜಿನಿಯರ್ ಹುಡುಗಿ ಬಂದಳು. ಗಾಜಿನ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿ ಕಲ್ಲಿನ ಮೇಲಿಟ್ಟು ಕಾದಳು. ಜೀವವಿದ್ದಿದ್ದರೆ ಕಂದು ಕೆಸರು ತಳಕ್ಕೆ ಕೂರಬೇಕಿತ್ತು, ಏನೂ ಇಳಿಯಲಿಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

"ಮತ್ತೆ ಬೇರೆ ಕಡೆಯಿಂದ ಹೆಪ್ಪು ತಂದು ಹಾಕೋಣ. ಸರಿಹೋಗುತ್ತೆ" ಎಂದಳು. ಜಾಡಿ ಖಾಲಿ ಮಾಡುತ್ತ, "ಮನೇಲೂ ಹೇಳಿರಲಿಲ್ವಾ?" ಎಂದು ಕೇಳಿದಳು.

"ಇಲ್ಲ ಮೇಡಂ."

ಅವಳು ತಲೆಯಾಡಿಸಿ ಜಾಡಿ ಒರೆಸಿ ಚೀಲದಲ್ಲಿಟ್ಟುಕೊಂಡಳು.

ಹೆಂಡತಿ ಆ ವಿಷಯ ಎತ್ತಿದ್ದು ಬಹಳ ದಿನಗಳ ಮೇಲೆ. ಒಂದು ಮಧ್ಯಾಹ್ನ ಅವನಿಗೆ ಅನ್ನ ಬಡಿಸುತ್ತಿದ್ದಳು. ಪುಡಿ ಸುಟ್ಟ ಬೆರಳಿನ ಸಂದುಗಳಲ್ಲಿ ಚರ್ಮ ಇನ್ನೂ ಸುಲಿಯುತ್ತಿತ್ತು.

"ನನಗೆ ಹೇಳಿದ್ರೆ ಏನಾಗ್ತಿತ್ತು?"

"ನೀನು ಪಕ್ಕದವಳಿಗೆ ಹೇಳ್ತೀಯ ಅಂತ..."

"ಕ್ಯಾನಲ್ಲಿ ಬರೀ ನೀರಿದೆ ಅಂತ ಗೊತ್ತಾದಾಗ ನಾನು ಯಾರಿಗೆ ಹೇಳಿದೆ?"

ಅವನು ಅನ್ನ ಕಲಸುತ್ತಿದ್ದ ಕೈ ಹಿಂದಕ್ಕೆ ತೆಗೆದ.

"ಯಾರಿಗೆ ಹೇಳಿದೆ ಹೇಳಿ. ನೀರುಗಂಟಿ ಎದುರು, ಆ ಹೆಂಗಸರ ಎದುರು, ನಿಮ್ಮ ಮಾನ ಹೋಗಬಾರದು ಅಂತ ಇವತ್ತಿನ ಮದ್ದು ಹಾಕೋದು ನನ್ನ ಪಾಳಿ ಅಂದೆ. ಕೊಚ್ಚೆ ಡಾಕ್ಟರ ಹೆಂಡತಿ ಅಂತ ಅಷ್ಟು ವರ್ಷ ಅನ್ನಿಸ್ಕೊಂಡೆ, ನಿಮಗೋಸ್ಕರ. ಕೊನೇಗೆ ನಾನೂ ಊರಿನವರ ಲೆಕ್ಕಕ್ಕೇ ಸೇರಿದವಳಾದೆ." ಹುಳಿಯ ಪಾತ್ರೆ ಅವನ ಮುಂದಿಟ್ಟು, "ಬೇಕಾದ್ರೆ ಹಾಕ್ಕೊಳ್ಳಿ" ಎಂದು ಎದ್ದು ಹೋದಳು.

ಅವನು ಈಗ ಸತ್ಯ ಹೇಳಿಕೊಂಡು ತಿರುಗತೊಡಗಿದ. ದಿನಸಿ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಕೇಳಿದವರಿಗೂ ಕೇಳದವರಿಗೂ. ಜನ ಹೂಂಗುಟ್ಟಿ, ಅವನು ಹೋದ ಮೇಲೆ ನಗುತ್ತಿದ್ದರು. ನಂಬದವರಿಗೆ ಅದು ಹೆಂಡತಿಯನ್ನು ಉಳಿಸಲು ಕಟ್ಟಿದ ಕಥೆ. ನಂಬಿದವರಿಗೆ ಅಸಹ್ಯ. ತೋಟದವನು ತೂಬನ್ನು ಸಿಮೆಂಟು ಹಾಕಿಯೇ ಮುಚ್ಚಿದ. ಪಥ್ಯವನ್ನು ಯಾರೂ ಪಾಲಿಸಲಿಲ್ಲ; ಮದ್ದೇ ಇಲ್ಲದ ಮೇಲೆ ಪಥ್ಯ ಎಂಥದ್ದು? ಫಿನಾಯಿಲ್ ಬಾಟಲಿಗಳು ಮತ್ತೆ ಜಾಲರಿಗೆ ಬಂದು ಬಡಿಯತೊಡಗಿದವು. ಹಾಗಾಗಿ ಹೆಪ್ಪು ಹಿಡಿಯಲು ಮೊದಲಿಗಿಂತ ಎಷ್ಟೋ ಹೆಚ್ಚು ದಿನ ಬೇಕಾಯಿತು. ಕೆಳಗಿನ ಊರಿನವರು ಹಳ್ಳದ ದಂಡೆಯ ಬಾವಿಗೆ ಕಲ್ಲು ಚಪ್ಪಡಿ ಹೊದಿಸಿ, ದೂರದಲ್ಲಿ ಕೊಳವೆಬಾವಿ ಕೊರೆಸಿಕೊಂಡರು. ಹಳ್ಳದ ಕಡೆ ಮುಖ ಹಾಕುವ ಕೆಲಸ ಅವರಿಗೆ ಇನ್ನು ಉಳಿಯಲಿಲ್ಲ.

ಮಳೆಗಾಲ ಕಳೆದ ಮೇಲೆ ಮಡುವಿನಲ್ಲಿ ಮತ್ತೆ ಮೀನು ಬಂದವು. ಮೊದಲು ನೋಡಿದ್ದು ಅವನಲ್ಲ, ಹೆಂಡತಿ. ಈಗ ಬೆಳಗಿನ ಹೊತ್ತು ಅವಳೂ ಘಟಕಕ್ಕೆ ಬರುತ್ತಿದ್ದಳು. ಜಾಲರಿ ಎಳೆಯುತ್ತಿದ್ದಳು, ಮಾತು ಕಡಿಮೆ. ಮದ್ದಿನ ಕ್ಯಾನಿನ ಬಾಯಿ ಕತ್ತರಿಸಿ, ತಳಕ್ಕೆ ತೂತು ಹೊಡೆದು, ಮಣ್ಣು ತುಂಬಿ ಒಂದು ಮೆಣಸಿನ ಗಿಡ ಇಟ್ಟಿದ್ದಳು. ಅದಕ್ಕೆ ಕಾಲುವೆಯ ನೀರನ್ನೇ ಹಾಕುತ್ತಿದ್ದಳು. ಊರಿನಲ್ಲಿ ಆ ನೀರು ಕುಡಿಯುವ ಗಿಡ ಅದೊಂದೇ ಉಳಿದಿತ್ತು.

"ಬಂದಿವೆ ನೋಡಿ" ಎಂದಳು ದಂಡೆಯಿಂದ. "ಹೋಗಿ ಅತ್ತಿಗೇನ ಕರ್ಕೊಂಡು ಬನ್ನಿ."

ಅವನು ಬಗ್ಗಿ ನೋಡಿದ. ಕಿರುಬೆರಳಿನಷ್ಟು ಮೀನುಗಳು ಹರಿವಿಗೆ ಎದುರಾಗಿ ನಿಂತು ಬಾಲ ಆಡಿಸುತ್ತಿದ್ದವು.

"ಏನಂತ ಕರೀಲಿ? ಈ ಸಲ ಸಂತೆಯಿಂದ ತಂದಿದ್ದಲ್ಲ ಅಂತಲಾ?"

ಹೆಂಡತಿಗೆ ಆ ಮಾತಿನ ತಲೆಬುಡ ಗೊತ್ತಿರಲಿಲ್ಲ. ಅಕ್ಕ ಹಾಗೆ ಕೇಳಿದ್ದನ್ನೂ ಅವನು ಅವಳಿಗೆ ಹೇಳಿರಲಿಲ್ಲ. ಅವಳು ಕೇಳುವುದು ಬೇಡವೆಂದು ಬಿಟ್ಟು, ಗೋರೆ ಎತ್ತಿಕೊಂಡು ಜಾಲರಿಯ ಕಡೆ ಹೋದಳು. ಅಲ್ಲಿ ಒಂದು ಚಮಚ ಸಿಕ್ಕಿತು. ತೊಳೆದು, ಅಂಗಡಿಯ ಕಟ್ಟೆಗೆ ಒಯ್ಯದೆ, ನೇರವಾಗಿ ಶೆಡ್ಡಿನ ಗೋಡೆಗೆ ನೇತು ಹಾಕಿದಳು.